ಜಠರದ ಅರ್ಬುದ: ಅಂಗಾಂಶದ ಪ್ರೋಟೀನುಗಳು ಏನನ್ನು ಹೇಳಬಲ್ಲವು?

ಹುಬ್ಬಳ್ಳಿಯಿಂದ ಬೆಂಗಳೂರಿನತ್ತ ಸಾಗುವ ರೈಲುಮಾರ್ಗದಲ್ಲಿ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಒಂದಾದ ಮೇಲೊಂದು ಬರುವ ಮೂರು ಊರುಗಳು. ಏಲಕ್ಕಿಯ ಹಾರಕ್ಕೆ ಹಾವೇರಿ, ಕೆಂಪು ಮೆಣಸಿನಕಾಯಿಯ ಪೇಟೆಗೆ ಬ್ಯಾಡಗಿ, ಬೀಜೋತ್ಪಾದನೆಗೆ ರಾಣೇಬೆನ್ನೂರು ನಾಡಿನಲ್ಲೆಲ್ಲ ಹೆಸರಾಗಿವೆ. ಈ ಭಾಗದ ಜನರು ಹುಬ್ಬಳ್ಳಿ, ದಾವಣಗೆರೆಗಳಿಗೆ ಪ್ರಯಾಣ ಬೆಳೆಸುವುದು ವ್ಯಾಪಾರಕ್ಕಾಗಿ ಮಾತ್ರವಲ್ಲ, ದೊಡ್ಡ ಆಸ್ಪತ್ರೆಯ ಬಾಗಿಲು ತಟ್ಟುವುದಕ್ಕಾಗಿಯೂ ಹೌದು. ಹಾಗೆ ಹೋಗಿ ಬಂದವರ ಕೈಚೀಲದಲ್ಲಿ ಇತ್ತೀಚೆಗೆ ಒಂದು ಹೊಸ ಬಗೆಯ ವರದಿ ಕಾಣಿಸಿಕೊಳ್ಳುತ್ತಿದೆ. ಅದರಲ್ಲಿ ರೋಗದ ಹೆಸರಿನ ಕೆಳಗೆ "ಹರ್-2: 3+" ಎಂದೋ, "ಎಂಎಲ್‌ಎಚ್1: ಉಳಿದಿದೆ" ಎಂದೋ ಬರೆದಿರುತ್ತದೆ. ಮನೆಯವರು ಅದನ್ನು ತಿರುಗಿಸಿ ನೋಡುತ್ತಾರೆ. ಊರಿನ ಶಿಕ್ಷಕರ ಬಳಿಗೆ ತಂದು ಅರ್ಥ ಕೇಳುವವರೂ ಉಂಟು. ಕೊನೆಗೆ ಕೇಳುವ ಪ್ರಶ್ನೆ ಒಂದೇ: "ನಮ್ಮಪ್ಪಗ ಇನ್ನ ಎಷ್ಟು ದಿನ ಐತ್ರಿ?"

ಈ ಪ್ರಶ್ನೆಗೆ ಆ ಕಾಗದವು ಎಷ್ಟು ಉತ್ತರ ಕೊಡಬಲ್ಲದು, ಎಷ್ಟು ಕೊಡಲಾರದು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ರೋಗದ ಸ್ವರೂಪ

ಜಠರವು ಅನ್ನವನ್ನು ಕೆಲಕಾಲ ಹಿಡಿದಿಟ್ಟು, ಆಮ್ಲದೊಡನೆ ಕಲಸಿ, ಕರುಳಿಗೆ ಸಾಗಿಸುವ ಚೀಲ. ಅದರ ಒಳಪದರದ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತಿರುತ್ತವೆ. ಹೀಗೆ ಸತತವಾಗಿ ಹುಟ್ಟಿ ಸಾಯುವ ಕೋಶಗಳಲ್ಲಿ ಯಾವುದೋ ಒಂದು ನಿಯಮವನ್ನು ಮೀರಿ, ಸಾಯಬೇಕಾದಾಗ ಸಾಯದೆ, ನಿಲ್ಲಬೇಕಾದಲ್ಲಿ ನಿಲ್ಲದೆ ಬೆಳೆಯತೊಡಗಿದರೆ ಅದೇ ಅರ್ಬುದದ ಆರಂಭ. ಮೊದಲು ಒಳಪದರದಲ್ಲಿಯೇ ಇರುವ ಗಂತಿಯು ಕ್ರಮೇಣ ಸ್ನಾಯುಪದರವನ್ನು ಹೊಕ್ಕು, ಸಮೀಪದ ದುಗ್ಧಗ್ರಂಥಿಗಳಿಗೂ ಅಲ್ಲಿಂದ ಯಕೃತ್ತು ಮೊದಲಾದ ದೂರದ ಅವಯವಗಳಿಗೂ ಹರಡುತ್ತದೆ.

ಫಿನ್ಲೆಂಡಿನ ರೋಗಶಾಸ್ತ್ರಜ್ಞ ಪೆಕ್ಕಾ ಲೌರೆನ್ 1965ರಲ್ಲಿ ಈ ಅರ್ಬುದವನ್ನು ಎರಡು ಮುಖ್ಯ ವರ್ಗಗಳಾಗಿ ವಿಂಗಡಿಸಿದರು. ಕೋಶಗಳು ಗ್ರಂಥಿಗಳ ಆಕಾರದಲ್ಲಿ ಗುಂಪುಗೂಡಿ ಬೆಳೆಯುವುದು ಒಂದು ಬಗೆ. ಇದನ್ನು ಕರುಳುಮಾದರಿ ಎನ್ನುತ್ತಾರೆ. ಕೋಶಗಳು ಒಂದನ್ನೊಂದು ಬಿಟ್ಟು ಚೆದರಿ, ಜಠರದ ಗೋಡೆಯಲ್ಲೆಲ್ಲ ನುಸುಳಿಕೊಳ್ಳುವುದು ಇನ್ನೊಂದು ಬಗೆ, ಇದು ಚದುರುಮಾದರಿ. ಈ ವಿಂಗಡಣೆಯು ಇಂದಿಗೂ ಬಳಕೆಯಲ್ಲಿದೆ.

ಭಾರತದಲ್ಲಿ ಈ ರೋಗವು ಎಲ್ಲೆಡೆ ಸಮನಾಗಿ ಕಾಣಿಸದು. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆಯು 1982ರಿಂದ ಆ ನಗರದ ಅರ್ಬುದ ರೋಗಿಗಳ ನೋಂದಣಿಯನ್ನು ನಡೆಸುತ್ತ ಬಂದಿದೆ. ಅದರ ವರದಿಗಳಲ್ಲಿ ಪುರುಷರನ್ನು ಪೀಡಿಸುವ ಪ್ರಮುಖ ಅರ್ಬುದಗಳ ಸಾಲಿನಲ್ಲಿ ಜಠರದ ಹೆಸರು ಮೇಲಿಂದ ಮೇಲೆ ಬರುತ್ತದೆ. ಚೆನ್ನೈ ಮತ್ತು ಮಿಜೋರಾಮುಗಳಲ್ಲಿಯೂ ಈ ರೋಗದ ಪ್ರಮಾಣ ಹೆಚ್ಚು. ಬೆಂಗಳೂರಿನ ಲೆಕ್ಕವನ್ನು ಹಾವೇರಿ ಜಿಲ್ಲೆಗೆ ಯಥಾವತ್ತಾಗಿ ಅನ್ವಯಿಸುವುದು ಸರಿಯಲ್ಲವಾದರೂ, ದಕ್ಷಿಣದವರು ಈ ರೋಗವನ್ನು ಅಪರೂಪವೆಂದು ಕಡೆಗಣಿಸುವಂತಿಲ್ಲ.

ಮೆಣಸಿನಕಾಯಿಯ ಪ್ರಶ್ನೆ

ಬ್ಯಾಡಗಿಯ ಹೆಸರು ಬಂದೊಡನೆ ಖಾರದ ಪ್ರಶ್ನೆ ಏಳುವುದು ಸಹಜ. ಖಾರ ತಿಂದರೆ ಹೊಟ್ಟೆಯಲ್ಲಿ ಹುಣ್ಣಾಗಿ, ಹುಣ್ಣು ಅರ್ಬುದವಾಗುತ್ತದೆ ಎಂಬ ನಂಬಿಕೆ ಜನರಲ್ಲಿದೆ. 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಕೀರ್ತಿ ಅದರ ಗಾಢವಾದ ಕೆಂಪು ಬಣ್ಣದಿಂದ ಬಂದುದು. ಖಾರ ಅದರಲ್ಲಿ ಕಡಿಮೆ. ಮೆಕ್ಸಿಕೋ ನಗರದಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನವೊಂದು ಮೆಣಸಿನಕಾಯಿ ತಿನ್ನುವವರಲ್ಲಿ ಜಠರದ ಅರ್ಬುದ ಹೆಚ್ಚೆಂದು ಕಂಡಿತು. ಅನಂತರದ ಅಧ್ಯಯನಗಳ ಫಲಿತಾಂಶಗಳು ಪರಸ್ಪರ ಹೊಂದುವುದಿಲ್ಲ. ಆದ್ದರಿಂದ ಮೆಣಸಿನಕಾಯಿಯನ್ನು ಅಪರಾಧಿಯೆಂದು ತೀರ್ಮಾನಿಸಲು ಸಾಕಷ್ಟು ಆಧಾರವಿಲ್ಲ.

ದೃಢಪಟ್ಟ ಕಾರಣಗಳು ಬೇರೆ ಇವೆ. ಅವುಗಳಲ್ಲಿ ಮೊದಲನೆಯದು ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಸೂಕ್ಷ್ಮಾಣು. ಆಸ್ಟ್ರೇಲಿಯಾದ ಪರ್ತ್ ನಗರದ ವೈದ್ಯರಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತೋರಿಸಿದರು. ಈ ಶೋಧಕ್ಕಾಗಿ 2005ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು 1994ರಲ್ಲಿ ಈ ಸೂಕ್ಷ್ಮಾಣುವನ್ನು ಅರ್ಬುದಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ಭಾರತದಲ್ಲಿ ಈ ಸೋಂಕು ಬಹುಜನರಲ್ಲಿದ್ದರೂ ಅವರಲ್ಲಿ ಅತಿ ಸ್ವಲ್ಪ ಮಂದಿಗೆ ಮಾತ್ರ ಅರ್ಬುದ ಬರುತ್ತದೆ. ಧೂಮಪಾನ ಇನ್ನೊಂದು ನಿಶ್ಚಿತ ಕಾರಣ. ಅತಿಯಾಗಿ ಉಪ್ಪಿನಲ್ಲಿ ಕಾಪಿಟ್ಟ ಆಹಾರ ಮತ್ತು ಅತಿ ಮದ್ಯಪಾನಗಳೂ ಅಪಾಯವನ್ನು ಹೆಚ್ಚಿಸುತ್ತವೆಂದು ತಜ್ಞರು ಭಾವಿಸುತ್ತಾರೆ.

ಅಂಗಾಂಶವು ಮಾತನಾಡುವ ಬಗೆ

ಇನ್ನು ವರದಿಯ ವಿಷಯಕ್ಕೆ ಬರಬಹುದು. ವೈದ್ಯರು ಎಂಡೋಸ್ಕೋಪಿಯ ಮೂಲಕ ಜಠರದ ಒಳಗನ್ನು ನೋಡಿ, ಸಂಶಯ ಬಂದ ಸ್ಥಳದಿಂದ ಅಕ್ಕಿಕಾಳಿಗಿಂತ ಚಿಕ್ಕದಾದ ಹಲವು ಚೂರುಗಳನ್ನು ತೆಗೆಯುತ್ತಾರೆ. ಇದೇ ಬಯಾಪ್ಸಿ. ಚೂರುಗಳನ್ನು ಫಾರ್ಮಲಿನ್ ದ್ರಾವಣದಲ್ಲಿಟ್ಟು, ಬಳಿಕ ಮೇಣದಲ್ಲಿ ಹುದುಗಿಸಿ ಗಟ್ಟಿಯಾದ ಬ್ಲಾಕ್ ಮಾಡುತ್ತಾರೆ. ಅದರಿಂದ ಒಂದು ಮಿಲಿಮೀಟರಿನ ಸಾವಿರದ ಮೂರು ನಾಲ್ಕು ಪಾಲಿನಷ್ಟು ತೆಳುವಾದ ಪದರಗಳನ್ನು ಕೊಯ್ದು ಗಾಜಿನ ಸ್ಲೈಡಿನ ಮೇಲೆ ಹರಡಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೋಗವು ಅರ್ಬುದವೇ ಅಲ್ಲವೇ ಎಂಬುದು ಇಷ್ಟರಿಂದ ತಿಳಿಯುತ್ತದೆ.

ಆದರೆ ನೋಟಕ್ಕೆ ಒಂದೇ ತೆರನಾದ ಎರಡು ಗಂತಿಗಳು ನಡೆಯಲ್ಲಿ ಬೇರೆಬೇರೆಯಾಗಿರಬಹುದು. ಒಂದು ನಿಧಾನವಾಗಿ ಬೆಳೆಯಬಹುದು, ಇನ್ನೊಂದು ಆರು ತಿಂಗಳಲ್ಲಿ ಯಕೃತ್ತನ್ನು ಆಕ್ರಮಿಸಬಹುದು. ಈ ವ್ಯತ್ಯಾಸದ ಮೂಲವು ಕೋಶದೊಳಗಿನ ಪ್ರೋಟೀನುಗಳಲ್ಲಿದೆ. ಕೋಶದ ಎಲ್ಲ ಕೆಲಸಗಳನ್ನೂ ನಡೆಸುವವು ಪ್ರೋಟೀನುಗಳೇ. ಅವುಗಳಲ್ಲಿ ಯಾವುದು ಅತಿಯಾಗಿದೆ, ಯಾವುದು ಇಲ್ಲವಾಗಿದೆ ಎಂಬುದನ್ನು ತಿಳಿಯಲು ಪ್ರತಿಕಾಯಗಳು ನೆರವಾಗುತ್ತವೆ. ಒಂದು ಪ್ರತಿಕಾಯವು ತನಗೆ ಒಪ್ಪುವ ಒಂದೇ ಪ್ರೋಟೀನಿಗೆ, ಬೀಗಕ್ಕೆ ಕೀಲಿಯಂತೆ, ಅಂಟಿಕೊಳ್ಳುತ್ತದೆ. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ 1975ರಲ್ಲಿ ಪ್ರಕಟಿಸಿದರು. 1984ರಲ್ಲಿ ಅವರು ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಇಂದು ರೋಗಶಾಸ್ತ್ರ ವಿಭಾಗಗಳು ಆ ಪ್ರತಿಕಾಯಗಳನ್ನು ಸ್ಲೈಡಿನ ಮೇಲೆ ಹಾಕಿ, ಅವು ಅಂಟಿದ ಸ್ಥಳದಲ್ಲಿ ಕಂದುಬಣ್ಣ ಮೂಡುವಂತೆ ಮಾಡುತ್ತವೆ. ಕಂದು ಕಂಡಲ್ಲಿ ಆ ಪ್ರೋಟೀನು ಇದೆ, ಕಾಣದಲ್ಲಿ ಇಲ್ಲ.

ಬಣ್ಣವನ್ನು ಅಳೆಯುವ ಕೆಲಸ ಸುಲಭದ್ದಲ್ಲ. ಮೆಣಸಿನಕಾಯಿಯ ಪೇಟೆಯಲ್ಲಿ ಬಣ್ಣ ನೋಡಿ ದರ ಕಟ್ಟುವ ಇಬ್ಬರು ನುರಿತ ವ್ಯಾಪಾರಿಗಳು ಒಂದೇ ರಾಶಿಗೆ ಎರಡು ದರ ಹೇಳುವುದುಂಟು. ಸೂಕ್ಷ್ಮದರ್ಶಕದ ಮುಂದೆಯೂ ಅಂಥ ಭಿನ್ನಾಭಿಪ್ರಾಯ ಬರುತ್ತದೆ. ಆದ್ದರಿಂದಲೇ ಬಣ್ಣದ ತೀವ್ರತೆಗೆ 0, 1+, 2+, 3+ ಎಂಬ ದರ್ಜೆಗಳನ್ನು ಗೊತ್ತುಪಡಿಸಿ, ಪ್ರತಿಸಲವೂ ಫಲ ಮೊದಲೇ ತಿಳಿದಿರುವ ಅಂಗಾಂಶವನ್ನು ಜೊತೆಗಿಟ್ಟು ಹೋಲಿಸಿ ನೋಡುವ ಪದ್ಧತಿ ರೂಢಿಗೆ ಬಂದಿದೆ.

ಎರಡು ಬೇರೆ ಪ್ರಶ್ನೆಗಳು

ಪ್ರೋಟೀನಿನ ಗುರುತು ಕಂಡಾಗ ಕೇಳಬೇಕಾದ ಪ್ರಶ್ನೆಗಳು ಎರಡು. ಮೊದಲನೆಯದು, ಈ ರೋಗ ಸ್ವಭಾವತಃ ಹೇಗೆ ನಡೆಯುತ್ತದೆ? ಎರಡನೆಯದು, ಇಂಥ ಔಷಧಿ ಕೊಟ್ಟರೆ ಫಲ ಸಿಕ್ಕೀತೇ? ಮೊದಲ ಪ್ರಶ್ನೆಗೆ ಉತ್ತರ ಕೊಡುವ ಗುರುತನ್ನು ಗತಿಸೂಚಕವೆಂದೂ ಎರಡನೆಯದಕ್ಕೆ ಉತ್ತರ ಕೊಡುವುದನ್ನು ಫಲಸೂಚಕವೆಂದೂ ಕರೆಯಬಹುದು.

ಒಕ್ಕಲುತನ ಬಲ್ಲವರಿಗೆ ಈ ಭೇದ ಹೊಸದಲ್ಲ. ಹೊಲವು ಎರೆಯೋ ಮಸಾರಿಯೋ ಎಂಬುದರಿಂದ ಬೆಳೆಯ ಸಾಮಾನ್ಯ ಗತಿ ತಿಳಿಯುತ್ತದೆ. ಆದರೆ ಆ ಹೊಲಕ್ಕೆ ಇಂಥ ಗೊಬ್ಬರ ಹಾಕಿದರೆ ಇಳುವರಿ ಹೆಚ್ಚುವುದೇ ಎಂಬುದು ಬೇರೆ ಮಾತು. ಅದಕ್ಕೆ ಮಣ್ಣಿನಲ್ಲಿ ಆ ಒಂದು ಅಂಶದ ಕೊರತೆ ಇದೆಯೇ ಎಂದು ಪರೀಕ್ಷಿಸಿ ನೋಡಬೇಕು. ಕೆಲವು ಗುರುತುಗಳು ಎರಡಕ್ಕೂ ಉತ್ತರ ಕೊಡುತ್ತವೆ. ಕೆಲವು ಒಂದಕ್ಕೆ ಮಾತ್ರ. ಈ ಭೇದವನ್ನು ಮರೆತರೆ ವರದಿಯನ್ನು ತಪ್ಪಾಗಿ ಓದಿದಂತಾಗುತ್ತದೆ.

ಹರ್-2

ಹರ್-2 ಎಂಬುದು ಕೋಶದ ಹೊರಪೊರೆಯಲ್ಲಿ ನಿಂತು "ಬೆಳೆ" ಎಂಬ ಸಂದೇಶವನ್ನು ಒಳಗೆ ಮುಟ್ಟಿಸುವ ಪ್ರೋಟೀನು. ಇದರ ವಂಶಾಣು 17ನೆಯ ವರ್ಣತಂತುವಿನಲ್ಲಿದೆ. ಕೆಲವು ಅರ್ಬುದಗಳಲ್ಲಿ ಈ ವಂಶಾಣುವಿನ ಪ್ರತಿಗಳು ಹಲವು ಪಟ್ಟು ಹೆಚ್ಚಿ, ಕೋಶದ ಮೈಯೆಲ್ಲ ಹರ್-2ರಿಂದ ತುಂಬಿಹೋಗುತ್ತದೆ. ಸ್ತನದ ಅರ್ಬುದದಲ್ಲಿ ಇದನ್ನು ತಡೆಯುವ ಟ್ರಾಸ್ಟುಜುಮ್ಯಾಬ್ ಎಂಬ ಪ್ರತಿಕಾಯದ ಔಷಧಿ 1998ರಲ್ಲಿಯೇ ಅಮೆರಿಕೆಯಲ್ಲಿ ಬಳಕೆಗೆ ಬಂದಿತ್ತು.

ಜಠರದ ವಿಷಯದಲ್ಲಿ ನಿರ್ಣಾಯಕವಾದ ಪ್ರಯೋಗವು ಟೋಗಾ ಎಂಬ ಹೆಸರಿನದು. 24 ದೇಶಗಳಲ್ಲಿ ನಡೆದ ಇದರ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ ಗಂತಿಗಳಲ್ಲಿ ಸುಮಾರು ನೂರಕ್ಕೆ 22ರಲ್ಲಿ ಹರ್-2 ಅಧಿಕವಾಗಿತ್ತು. ಅಂಥ 584 ರೋಗಿಗಳಲ್ಲಿ ಒಂದು ಗುಂಪಿಗೆ ರೂಢಿಯ ಔಷಧಿಗಳನ್ನು ಮಾತ್ರ, ಇನ್ನೊಂದು ಗುಂಪಿಗೆ ಅವುಗಳೊಡನೆ ಟ್ರಾಸ್ಟುಜುಮ್ಯಾಬನ್ನೂ ಕೊಡಲಾಯಿತು. ಮೊದಲ ಗುಂಪಿನ ಮಧ್ಯಮ ಆಯುಷ್ಯ 11.1 ತಿಂಗಳು, ಎರಡನೆಯದರದು 13.8 ತಿಂಗಳು. ಪ್ರೋಟೀನು ನಿಜಕ್ಕೂ ಹೇರಳವಾಗಿದ್ದವರನ್ನು, ಎಂದರೆ 3+ ದರ್ಜೆಯವರನ್ನೂ ವಂಶಾಣು ಪರೀಕ್ಷೆಯಿಂದ ಖಚಿತಪಟ್ಟ 2+ ದರ್ಜೆಯವರನ್ನೂ ಪ್ರತ್ಯೇಕಿಸಿ ನೋಡಿದಾಗ ಈ ಅಂತರವು 11.8ರಿಂದ 16 ತಿಂಗಳಿಗೆ ಏರಿತ್ತು. ಪ್ರೋಟೀನು ಹೆಚ್ಚಿದ್ದಷ್ಟೂ ಔಷಧಿಯ ಪ್ರಯೋಜನ ಹೆಚ್ಚೆಂಬುದು ಇದರಿಂದ ಕಂಡುಬರುತ್ತದೆ. ಹೀಗೆ ಹರ್-2 ಜಠರದಲ್ಲಿ ಒಳ್ಳೆಯ ಫಲಸೂಚಕ. ಗತಿಸೂಚಕವಾಗಿ ಅದರ ಬೆಲೆ ಎಷ್ಟೆಂಬ ವಿಷಯದಲ್ಲಿ ಮಾತ್ರ ಸಂಶೋಧಕರಲ್ಲಿ ಒಮ್ಮತ ಮೂಡಿಲ್ಲ.

ಇಲ್ಲಿ "ಮಧ್ಯಮ ಆಯುಷ್ಯ" ಎಂಬ ಮಾತನ್ನು ಬಿಡಿಸಿ ಹೇಳುವುದು ಅವಶ್ಯ. 101 ರೋಗಿಗಳನ್ನು ಅವರು ಬದುಕಿದ ಅವಧಿಗನುಸಾರವಾಗಿ ಸಾಲಾಗಿ ನಿಲ್ಲಿಸಿದರೆ, 51ನೆಯವನು ಬದುಕಿದ ಅವಧಿಯೇ ಮಧ್ಯಮ. ಅವನ ಒಂದು ಬದಿಗೆ ಕಡಿಮೆ ಕಾಲ ಬದುಕಿದ 50 ಜನ, ಇನ್ನೊಂದು ಬದಿಗೆ ಹೆಚ್ಚು ಕಾಲ ಬದುಕಿದ 50 ಜನ ನಿಂತಿರುತ್ತಾರೆ. ಅವರಲ್ಲಿ ಕೆಲವರು ಬಹಳ ವರ್ಷ ಬದುಕಿದವರೂ ಇರಬಹುದು. "13.8 ತಿಂಗಳು" ಎಂಬುದು ಗುಂಪಿನ ಲೆಕ್ಕ. ಮುಂದೆ ಕುಳಿತ ಒಬ್ಬ ರೋಗಿಯ ಹಣೆಬರಹವನ್ನು ಅದರಲ್ಲಿ ಓದಲಾಗದು. "ಎಷ್ಟು ದಿನ?" ಎಂದು ಕೇಳಿದಾಗ ಪ್ರಾಮಾಣಿಕ ವೈದ್ಯನು ಒಂದು ಸಂಖ್ಯೆಯನ್ನು ಹೇಳಲು ಹಿಂಜರಿಯುವುದು ಈ ಕಾರಣದಿಂದಲೇ.

ಈ ಚಿಕಿತ್ಸೆಯ ಚರಿತ್ರೆಯಲ್ಲಿ ಕರ್ನಾಟಕಕ್ಕೂ ಒಂದು ಸ್ಥಾನವಿದೆ. ಟ್ರಾಸ್ಟುಜುಮ್ಯಾಬಿನ ಬೆಲೆ ಬಡ ರೋಗಿಗೆ ನಿಲುಕದಷ್ಟಿತ್ತು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ತಯಾರಿಸಿದ ಇದರ ಸಮಾನ ಔಷಧಿಗೆ 2013ರಲ್ಲಿ ಭಾರತದಲ್ಲಿ ಅನುಮತಿ ದೊರೆತು, 2014ರಲ್ಲಿ ಮಾರುಕಟ್ಟೆಗೆ ಬಂದಿತು. 2017ರಲ್ಲಿ ಅಮೆರಿಕೆಯೂ ಅದನ್ನು ಸ್ತನ ಮತ್ತು ಜಠರದ ಅರ್ಬುದಗಳಿಗಾಗಿ ಅಂಗೀಕರಿಸಿತು.

ತಪ್ಪು ತಿದ್ದುವ ಪ್ರೋಟೀನುಗಳು

ಕೋಶವು ಇಬ್ಭಾಗವಾಗುವಾಗ ತನ್ನ ವಂಶಾಣು ಲಿಪಿಯನ್ನು ನಕಲು ಮಾಡಿಕೊಳ್ಳುತ್ತದೆ. ನಕಲಿನಲ್ಲಿ ಬರುವ ಅಕ್ಷರದೋಷಗಳನ್ನು ತಿದ್ದುವ ನಾಲ್ಕು ಮುಖ್ಯ ಪ್ರೋಟೀನುಗಳಿವೆ: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2 ಮತ್ತು ಎಂಎಸ್‌ಎಚ್6. ಶಾಲೆಯ ಉಪಾಧ್ಯಾಯರು ಉತ್ತರಪತ್ರಿಕೆಗಳನ್ನು ತಿದ್ದುವಂತೆ ಇವು ಲಿಪಿಯನ್ನು ತಿದ್ದುತ್ತವೆ. ಇವುಗಳಲ್ಲಿ ಯಾವುದಾದರೂ ಕಾಣೆಯಾದರೆ ಗಂತಿಯಲ್ಲಿ ದೋಷಗಳು ರಾಶಿ ಬೀಳುತ್ತವೆ.

ದೋಷ ಹೆಚ್ಚಿದರೆ ರೋಗವೂ ಉಗ್ರವಾಗಬೇಕಲ್ಲವೇ ಎಂದು ತೋರಬಹುದು. ಆದರೆ ನಡೆಯುವುದು ಇದಕ್ಕೆ ವಿರುದ್ಧ. ದೋಷಪೂರ್ಣವಾದ ಕೋಶಗಳನ್ನು ಶರೀರದ ರಕ್ಷಣಾವ್ಯವಸ್ಥೆಯು ಬೇಗನೆ ಪರಕೀಯವೆಂದು ಗುರುತಿಸುತ್ತದೆ. ಶಸ್ತ್ರಚಿಕಿತ್ಸೆಗೆ ಒಳಗಾದ 1556 ರೋಗಿಗಳ ವಿವರಗಳನ್ನು ನಾಲ್ಕು ಪ್ರಯೋಗಗಳಿಂದ ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಲಾಯಿತು. ಇಂಥ ದೋಷವಿದ್ದ ಗಂತಿಯವರಲ್ಲಿ ನೂರಕ್ಕೆ 77.5 ಮಂದಿ ಐದು ವರ್ಷ ಬದುಕಿದ್ದರೆ, ಉಳಿದವರಲ್ಲಿ ಆ ಪ್ರಮಾಣ 59.3 ಆಗಿತ್ತು. ಅಷ್ಟೇ ಅಲ್ಲದೆ, ಇತರರಿಗೆ ಪ್ರಯೋಜನ ನೀಡುವ ರೂಢಿಯ ರಾಸಾಯನಿಕ ಔಷಧಿಗಳು ಈ ಗುಂಪಿಗೆ ಅಷ್ಟಾಗಿ ನೆರವಾಗಲಿಲ್ಲ. ಇಂಥ ರೋಗಿಗಳು ಒಟ್ಟಿನಲ್ಲಿ ನೂರಕ್ಕೆ ಎಂಟರಷ್ಟೂ ಇರಲಿಲ್ಲವಾದುದರಿಂದ ಈ ಎರಡನೆಯ ಮಾತನ್ನು ಎಚ್ಚರಿಕೆಯಿಂದ ಗ್ರಹಿಸಬೇಕು. ವರದಿಯಲ್ಲಿ "ಉಳಿದಿದೆ" ಎಂದಿದ್ದರೆ ಆ ಪ್ರೋಟೀನು ಸಹಜವಾಗಿದೆ ಎಂದೂ, "ಇಲ್ಲವಾಗಿದೆ" ಎಂದಿದ್ದರೆ ತಿದ್ದುವ ವ್ಯವಸ್ಥೆ ಕೆಟ್ಟಿದೆ ಎಂದೂ ತಿಳಿಯಬೇಕು. "ಇಲ್ಲ" ಎಂಬ ಪದವನ್ನು ಕಂಡು ಮನೆಯವರು ಎದೆಗುಂದಬೇಕಾದ ಕಾರಣವಿಲ್ಲ.

ಕೋಶಗಳನ್ನು ಹಿಡಿದಿಡುವ ಅಂಟು

ಚದುರುಮಾದರಿಯಲ್ಲಿ ಕೋಶಗಳು ಬಿಡಿಬಿಡಿಯಾಗಿ ಹರಡುವುದೇಕೆ? ನೆರೆಯ ಕೋಶಗಳನ್ನು ಒಂದಕ್ಕೊಂದು ಬಿಗಿಯುವ ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನು ಅಲ್ಲಿ ಕೆಟ್ಟಿರುವುದು ಅಥವಾ ಇಲ್ಲದಿರುವುದು ಇದಕ್ಕೆ ಒಂದು ಮುಖ್ಯ ಕಾರಣ. ಈ ಸತ್ಯವು ಸ್ಪಷ್ಟವಾದುದು ಒಂದು ಕುಟುಂಬದ ದುಃಖದಿಂದ. ನ್ಯೂಜಿಲೆಂಡಿನ ಮಾವೊರಿ ಜನಾಂಗದ ಒಂದು ದೊಡ್ಡ ಮನೆತನದಲ್ಲಿ ತಲೆಮಾರುಗಳಿಂದ ಎಳೆಯ ವಯಸ್ಸಿನವರೂ ಜಠರದ ಅರ್ಬುದದಿಂದ ಸಾಯುತ್ತಿದ್ದರು. ಮನೆತನದವರು ವಿಜ್ಞಾನಿಗಳೊಡನೆ ಸೇರಿ ಕಾರಣವನ್ನು ಹುಡುಕಲು ಮುಂದಾದರು. ಇ-ಕ್ಯಾಡ್‌ಹೆರಿನ್ನಿನ ವಂಶಾಣುವಿನಲ್ಲಿ ಹುಟ್ಟಿನಿಂದಲೇ ಬಂದ ದೋಷವೇ ಕಾರಣವೆಂದು 1998ರಲ್ಲಿ ಪ್ರಕಟವಾಯಿತು. ಇಂದು ಇಂಥ ಮನೆತನಗಳಲ್ಲಿ ದೋಷವಿರುವವರನ್ನು ರೋಗ ಬರುವ ಮುನ್ನವೇ ಗುರುತಿಸಿ ಉಳಿಸಲು ಸಾಧ್ಯವಾಗಿದೆ. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಈ ರೋಗ ಬಂದಿದ್ದರೆ, ವಿಶೇಷವಾಗಿ ಐವತ್ತರೊಳಗಿನವರಿಗೆ ಬಂದಿದ್ದರೆ, ಅದನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸುವುದು ಲೇಸು. ಹೆಣ್ಣುಮಕ್ಕಳ ಲಗ್ನದ ಮಾತಿಗೆ ಅಡ್ಡಿಯಾದೀತೆಂದು ಮನೆಯ ರೋಗವನ್ನು ಮರೆಮಾಡಿದರೆ ಆ ಮಕ್ಕಳೇ ಮುಂದೆ ಅಪಾಯಕ್ಕೆ ಗುರಿಯಾಗಬಹುದು.

ಹೊಸ ಗುರುತುಗಳು

ಕೆಲವು ಗಂತಿಗಳು ಪಿಡಿ-ಎಲ್1 ಎಂಬ ಪ್ರೋಟೀನನ್ನು ಹೊರಚಾಚಿ, ತಮ್ಮ ಮೇಲೆ ಬರುವ ರಕ್ಷಕ ಕೋಶಗಳನ್ನು ಸುಮ್ಮನಾಗಿಸುತ್ತವೆ. ಈ ಉಪಾಯವನ್ನು ಮುರಿಯುವ ನಿವೊಲುಮ್ಯಾಬ್ ಎಂಬ ಔಷಧಿಯನ್ನು ರೂಢಿಯ ಚಿಕಿತ್ಸೆಯೊಡನೆ ಕೊಟ್ಟಾಗ, ಪಿಡಿ-ಎಲ್1 ಅಂಕ 5 ಅಥವಾ ಹೆಚ್ಚಿದ್ದವರ ಮಧ್ಯಮ ಆಯುಷ್ಯವು 11.1 ತಿಂಗಳಿನಿಂದ 14.4 ತಿಂಗಳಿಗೆ ಏರಿತೆಂದು 2021ರಲ್ಲಿ ವರದಿಯಾಯಿತು. ಜಠರದ ಒಳಪದರದ ಕೋಶಗಳ ನಡುವಿನ ಬೆಸುಗೆಯಲ್ಲಿರುವ ಕ್ಲಾಡಿನ್ 18.2 ಎಂಬುದು ಇನ್ನೊಂದು ಗುರುತು. ಅರ್ಬುದದಲ್ಲಿ ಬೆಸುಗೆ ಸಡಿಲಗೊಂಡಾಗ ಅದು ಬಯಲಿಗೆ ಬರುತ್ತದೆ. ಅದನ್ನು ಗುರಿಯಾಗಿಸಿದ ಜೋಲ್ಬೆಟುಕ್ಸಿಮ್ಯಾಬ್ ಔಷಧಿಯ ಸತ್ಫಲವು 2023ರಲ್ಲಿ ಪ್ರಕಟವಾಗಿ, 2024ರಲ್ಲಿ ಜಪಾನ್ ಮತ್ತು ಅಮೆರಿಕೆಗಳು ಅದಕ್ಕೆ ಅನುಮತಿ ನೀಡಿದವು. ಇವುಗಳ ಬೆಲೆ ಸಾಮಾನ್ಯ ಕುಟುಂಬಕ್ಕೆ ಭಾರವೇ ಸರಿ.

ಪ್ರತಿವರ್ಷವೂ ಇನ್ನಷ್ಟು ಪ್ರೋಟೀನುಗಳ ಹೆಸರುಗಳು ಪತ್ರಿಕೆಗಳಲ್ಲಿ ಬರುತ್ತಿರುತ್ತವೆ. ಅವುಗಳಲ್ಲಿ ಬಹುಪಾಲು ನಿಲ್ಲುವುದಿಲ್ಲ. ಅದಕ್ಕೆ ಕಾರಣ ಸರಳವಾದುದು. ಕೇವಲ ಆಕಸ್ಮಿಕದಿಂದ ಸಂಬಂಧವಿರುವಂತೆ ತೋರುವ ಸಂಭವ ಇಪ್ಪತ್ತಕ್ಕೆ ಒಂದಿದ್ದರೆ, ಇಪ್ಪತ್ತು ಪ್ರೋಟೀನುಗಳನ್ನು ಪರೀಕ್ಷಿಸುವವನಿಗೆ ಒಂದಾದರೂ "ಮಹತ್ವದ" ಗುರುತು ಸಿಕ್ಕೀತು. ಅದು ಬೇರೆ ಊರಿನ, ಬೇರೆ ರೋಗಿಗಳಲ್ಲಿಯೂ ನಿಜವಾದರೆ ಮಾತ್ರ ನಂಬಬೇಕು. ಇಂಥ ಅಧ್ಯಯನಗಳನ್ನು ಹೇಗೆ ವರದಿಮಾಡಬೇಕೆಂಬ ಅಂತರರಾಷ್ಟ್ರೀಯ ನಿಯಮಾವಳಿಯೊಂದು 2005ರಲ್ಲಿ ರೂಪುಗೊಂಡಿತು.

ಅಧ್ಯಯನಕ್ಕೆ ಇನ್ನೊಂದು ಆಧಾರ ಬೇಕು: ರೋಗಿಯ ಮುಂದಿನ ಸ್ಥಿತಿಯ ತಿಳಿವು. ಹಳ್ಳಿಯ ರೋಗಿ ಶಸ್ತ್ರಚಿಕಿತ್ಸೆಯ ಬಳಿಕ ಮತ್ತೆ ಆಸ್ಪತ್ರೆಗೆ ಹೋಗದಿದ್ದರೆ ಅವನು ಗುಣಮುಖನಾದನೋ ತೀರಿಹೋದನೋ ವೈದ್ಯರಿಗೆ ತಿಳಿಯುವುದೇ ಇಲ್ಲ. ಸ್ಲೈಡಿನ ಬಣ್ಣ ದಾಖಲೆಯಲ್ಲಿ ಉಳಿಯುತ್ತದೆ, ಬಾಳಿನ ಕಥೆ ಅಳಿದುಹೋಗುತ್ತದೆ. ಹೇಳಿದ ದಿನಕ್ಕೆ ಮರುಭೇಟಿ ಕೊಡುವ ರೋಗಿಯು ತನಗೆ ಮಾತ್ರವಲ್ಲದೆ ಮುಂದೆ ಬರುವ ಅನೇಕರಿಗೆ ಉಪಕಾರ ಮಾಡುತ್ತಾನೆ.

ಚೂರು ಕೆಟ್ಟರೆ ಮಾತು ಕೆಟ್ಟಿತು

ಇಷ್ಟೆಲ್ಲ ಜ್ಞಾನವು ನಿಂತಿರುವುದು ಅಕ್ಕಿಕಾಳಿಗಿಂತ ಚಿಕ್ಕದಾದ ಆ ಚೂರಿನ ಮೇಲೆ. ಬ್ಯಾಡಗಿಯ ಪೇಟೆಯಲ್ಲಿ ಚೀಲ ಹೊರುವ ಹಮಾಲನೊಬ್ಬನಿಗೆ ಬಯಾಪ್ಸಿ ಆಯಿತೆಂದು ಭಾವಿಸಬಹುದು. ತೆಗೆದ ಚೂರನ್ನು ಬರಿಯ ನೀರಿನಲ್ಲಿಯೋ ಉಪ್ಪುನೀರಿನಲ್ಲಿಯೋ ಹಾಕಿ ರಾತ್ರಿಯೆಲ್ಲ ಇಟ್ಟು, ಮರುದಿನ ಬಸ್ಸಿನಲ್ಲಿ ಪ್ರಯೋಗಾಲಯಕ್ಕೆ ಕಳಿಸಿದರೆ ಅಷ್ಟರಲ್ಲಿ ಪ್ರೋಟೀನುಗಳು ಕೊಳೆತುಹೋಗಿರುತ್ತವೆ. ಆಗ ಪರೀಕ್ಷೆಯ ಫಲ "0" ಎಂದು ಬಂದರೆ, ಔಷಧಿ ಸಿಗಬೇಕಾದವನಿಗೆ ಸಿಗದೆ ಹೋಗುತ್ತದೆ. ಸರಿಯಾದ ಕ್ರಮವೆಂದರೆ, ತೆಗೆದ ಚೂರನ್ನು ವಿಳಂಬವಿಲ್ಲದೆ, ತಡವಾದರೂ ಒಂದು ಗಂಟೆಯೊಳಗೆ, ನೂರಕ್ಕೆ ಹತ್ತರ ತಟಸ್ಥ ಫಾರ್ಮಲಿನ್ನಿನಲ್ಲಿ ಇಡಬೇಕು. ಅದರಲ್ಲಿ ಆರು ಗಂಟೆಗಿಂತ ಕಡಿಮೆಯೂ 72 ಗಂಟೆಗಿಂತ ಹೆಚ್ಚೂ ಇರಬಾರದು. ಜಠರದ ಗಂತಿಯಲ್ಲಿ ಹರ್-2 ಒಂದೆಡೆ ಇದ್ದು ಇನ್ನೊಂದೆಡೆ ಇಲ್ಲದಿರುವುದು ಸಾಮಾನ್ಯವಾದುದರಿಂದ, ಒಂದೆರಡಲ್ಲ, ಆರೆಂಟು ಚೂರುಗಳನ್ನು ಬೇರೆಬೇರೆ ಸ್ಥಳದಿಂದ ತೆಗೆಯಬೇಕೆಂದು ತಜ್ಞರು ಹೇಳುತ್ತಾರೆ.

ಮೇಣದ ಬ್ಲಾಕಿನ ವಿಷಯವನ್ನು ಪ್ರತಿಯೊಂದು ಕುಟುಂಬವೂ ತಿಳಿದಿರಬೇಕು. ಸರಿಯಾಗಿ ಮಾಡಿದ ಬ್ಲಾಕ್ ಹಲವು ವರ್ಷ ಕೆಡದೆ ಉಳಿಯುತ್ತದೆ. ಅಂಗಿಯ ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕದು. ರೋಗಿಯು ಹಾವೇರಿ ಅಥವಾ ರಾಣೇಬೆನ್ನೂರಿನಲ್ಲಿ ಬಯಾಪ್ಸಿ ಮಾಡಿಸಿಕೊಂಡು, ಮುಂದಿನ ಚಿಕಿತ್ಸೆಗೆ ಹುಬ್ಬಳ್ಳಿ, ದಾವಣಗೆರೆ ಅಥವಾ ಬೆಂಗಳೂರಿಗೆ ಹೋಗುವುದಾದರೆ, ವರದಿಯ ಕಾಗದದೊಡನೆ ಸ್ಲೈಡು ಮತ್ತು ಬ್ಲಾಕನ್ನೂ ಕೇಳಿ ಪಡೆದು ಒಯ್ಯಬೇಕು. ಅದಿದ್ದರೆ ಎಷ್ಟೋ ಸಂದರ್ಭಗಳಲ್ಲಿ ಮತ್ತೊಮ್ಮೆ ಎಂಡೋಸ್ಕೋಪಿಯ ತೊಂದರೆ ತಪ್ಪುತ್ತದೆ. ಬಿಸಿಲಿಗೆ ಕಾದ ವಾಹನದಲ್ಲಿ ಇಟ್ಟರೆ ಮೇಣ ಕರಗುತ್ತದೆಂಬ ಎಚ್ಚರವೂ ಇರಬೇಕು.

ಹಣದ ಅಡಚಣೆಗೂ ಕೆಲಮಟ್ಟಿನ ಪರಿಹಾರವಿದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಂತೆ ಅರ್ಹ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವು ದೊರೆಯುತ್ತದೆ. ಯಾವ ಪರೀಕ್ಷೆ, ಯಾವ ಔಷಧಿ ಅದರಲ್ಲಿ ಸೇರಿದೆ ಎಂಬುದನ್ನು ಯೋಜನೆಗೆ ಒಳಪಟ್ಟ ಆಸ್ಪತ್ರೆಗಳಲ್ಲಿರುವ ಆರೋಗ್ಯಮಿತ್ರರಿಂದ ಮೊದಲೇ ಕೇಳಿ ತಿಳಿಯುವುದು ಒಳಿತು.

ಉಪಸಂಹಾರ

ಪ್ರೋಟೀನಿನ ಗುರುತುಗಳಿಂದ ದೊರೆತ ಲಾಭವನ್ನು ತಿಂಗಳುಗಳಲ್ಲಿ ಎಣಿಸಬೇಕಾಗಿ ಬಂದುದನ್ನು ವಾಚಕರು ಗಮನಿಸಿರಬಹುದು. ಹರಡಿದ ರೋಗದಲ್ಲಿ ಒಂದು ಮನೆಗೆ ಮೂರು ನಾಲ್ಕು ತಿಂಗಳು ಸಣ್ಣ ಮಾತಲ್ಲ. ಮಗಳ ಪರೀಕ್ಷೆ ಮುಗಿಯುವುದನ್ನೋ ಮೊಮ್ಮಗನ ತೊಟ್ಟಿಲ ಕಾರ್ಯವನ್ನೋ ನೋಡಲು ಅಷ್ಟು ಕಾಲ ಸಾಕಾದೀತು. ಆದರೆ ಈ ರೋಗದಲ್ಲಿ ಆಯುಷ್ಯವನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಪ್ರೋಟೀನಲ್ಲ. ರೋಗವು ಯಾವ ಹಂತದಲ್ಲಿ ಸಿಕ್ಕಿತು ಎಂಬುದು. 2010ರಿಂದ 2014ರ ಅವಧಿಯಲ್ಲಿ ರೋಗ ಪತ್ತೆಯಾದವರ ಜಾಗತಿಕ ಲೆಕ್ಕವನ್ನು ನೋಡಿದರೆ, ಹೆಚ್ಚಿನ ದೇಶಗಳಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 20ರಿಂದ 40ರಷ್ಟು. ಜಪಾನಿನಲ್ಲಿ ಆ ಸಂಖ್ಯೆ 60. ದಕ್ಷಿಣ ಕೊರಿಯದಲ್ಲಿ 69ರ ಹತ್ತಿರ. ಆ ದೇಶಗಳಲ್ಲಿ ಲಕ್ಷಣ ಕಾಣುವ ಮುನ್ನವೇ ಜಠರವನ್ನು ಪರೀಕ್ಷಿಸುವ ಏರ್ಪಾಡು ಇರುವುದೇ ಇದಕ್ಕೆ ಮುಖ್ಯ ಕಾರಣ.

ನಮ್ಮ ಊರುಗಳಲ್ಲಿ ಅಂಥ ಏರ್ಪಾಡು ಇಲ್ಲದಿರುವಾಗ ಲಕ್ಷಣಗಳನ್ನು ಅರಿಯುವುದೇ ಮೊದಲ ರಕ್ಷೆ. ನಡುವಯಸ್ಸು ದಾಟಿದವರಲ್ಲಿ ಹೊಸದಾಗಿ ಆರಂಭವಾಗಿ ವಾರಗಟ್ಟಲೆ ಉಳಿಯುವ ಹೊಟ್ಟೆಯುರಿ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಾರಣವಿಲ್ಲದೆ ಮೈ ಇಳಿಯುವುದು, ರಕ್ತಹೀನತೆ, ಟಾರಿನಂತೆ ಕಪ್ಪಾದ ಮಲ, ಪದೇಪದೇ ವಾಂತಿ, ಇವುಗಳನ್ನು ಪಿತ್ತವೆಂದು ತಳ್ಳಿಹಾಕಬಾರದು. ಔಷಧಿ ಅಂಗಡಿಯಿಂದ ಆಮ್ಲ ತಗ್ಗಿಸುವ ಗುಳಿಗೆಗಳನ್ನು ತಾವಾಗಿಯೇ ತಂದು ತಿಂಗಳುಗಟ್ಟಲೆ ನುಂಗಿದರೆ ಲಕ್ಷಣಗಳು ಕೆಲಕಾಲ ಅಡಗಬಹುದು. ರೋಗ ಮಾತ್ರ ಬೆಳೆಯುತ್ತಲೇ ಇರುತ್ತದೆ.

ಈ ಕಾರ್ಯದಲ್ಲಿ ವೈದ್ಯರಷ್ಟೇ ಹೊಣೆಗಾರರಲ್ಲ. ಶಿಕ್ಷಕರು ಪಾಲಕರ ಸಭೆಯಲ್ಲಿ ಈ ಲಕ್ಷಣಗಳನ್ನು ನಾಲ್ಕು ಮಾತಿನಲ್ಲಿ ತಿಳಿಸಬಹುದು. ವೈದ್ಯಕೀಯ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಊರಿನವರ ವರದಿಗಳನ್ನು ಓದಿ ಅರ್ಥ ಹೇಳಬಹುದು. ದಾನಿಗಳು ಒಬ್ಬ ಬಡ ರೋಗಿಯ ಎಂಡೋಸ್ಕೋಪಿ ಅಥವಾ ಅಂಗಾಂಶ ಪರೀಕ್ಷೆಯ ವೆಚ್ಚವನ್ನು ವಹಿಸಿಕೊಂಡರೆ, ಆ ದಾನವು ಒಂದು ಮನೆಯ ಯಜಮಾನನನ್ನು ಉಳಿಸಿದರೂ ಉಳಿಸೀತು. ಅಂಗಾಂಶದ ಪ್ರೋಟೀನುಗಳು ಬಹಳಷ್ಟನ್ನು ಹೇಳಬಲ್ಲವು. ಆದರೆ ಅವು ಮಾತನಾಡುವುದು ಕೇಳಿದಾಗ ಮಾತ್ರ. ಕೇಳಲು ರೋಗಿಯು ಕಾಲಕ್ಕೆ ಸರಿಯಾಗಿ ವೈದ್ಯರ ಬಳಿಗೆ ಬಂದಿರಬೇಕು.